ಎತ್ತಿದವರ ಸರದಿ

ನಮ್ಮ ಊರಿನಲ್ಲಿ ಕೈಜಾರಿ ನೆಲಕ್ಕೆ ಬಿದ್ದದ್ದನ್ನು ಬೀಳಿಸಿದವರೇ ಎತ್ತಲು ಆಗುವುದಿಲ್ಲ. ಇಟ್ಟದ್ದು ಬೇರೆ, ಬಿದ್ದದ್ದು ಬೇರೆ. ಚೊಂಬನ್ನು ನೀವಾಗಿ ನೆಲದ ಮೇಲಿಟ್ಟರೆ ನೀವೇ ಎತ್ತಿಕೊಳ್ಳಬಹುದು. ಅದೇ ಚೊಂಬು ಕೈತಪ್ಪಿ ಬಿತ್ತೋ, ಎರಡು ಕೈ ಹಾಕಿ ಎಳೆದರೂ ಅಲುಗದು. ಕಾಲಲ್ಲಿ ತಳ್ಳಿದರೂ ಉರುಳದು. ಪಕ್ಕದ ಮನೆಯ ಮಗು ಬಂದು ಎರಡೇ ಬೆರಳಲ್ಲಿ ಎತ್ತಿ ಕೈಗಿಡುತ್ತದೆ.

ಆದ್ದರಿಂದ ನಮ್ಮಲ್ಲಿ ಎಲ್ಲದಕ್ಕೂ ಒಂದೊಂದು ದಾರ. ಪೆನ್ನಿಗೆ ದಾರ, ಕೊಡೆಗೆ ದಾರ, ಕನ್ನಡಕಕ್ಕೆ ದಾರ. ಅಂಚೆಯವರು ಇಬ್ಬಿಬ್ಬರಾಗಿಯೇ ಬೀದಿ ಸುತ್ತುತ್ತಾರೆ. ದರ್ಜಿಗಳು ಎದುರುಬದುರು ಕೂತು ಹೊಲಿಯುತ್ತಾರೆ, ಒಬ್ಬರ ಸೂಜಿ ಬಿದ್ದರೆ ಇನ್ನೊಬ್ಬರು ಎತ್ತಬೇಕಲ್ಲ. ಮಾತು ಬಿಟ್ಟ ಅಣ್ಣ ತಮ್ಮ ಇಬ್ಬರೂ ಬಿದ್ದ ಹಗ್ಗದ ಆಚೆ ಈಚೆ ನಿಂತು ಮೂರನೆಯವರು ಯಾರಾದರೂ ಬರಲಿ ಎಂದು ದಾರಿ ನೋಡುವುದನ್ನು ನಾನೇ ಕಂಡಿದ್ದೇನೆ. ‘ಅಮ್ಮ’ ಅಂದ ಮೇಲೆ ನಮ್ಮ ಮಕ್ಕಳು ಕಲಿಯುವ ಮಾತು ‘ಎತ್ತಿ ಕೊಡ್ತೀರಾ?’ ಅನ್ನುವುದು. ಆದರೆ ಆ ಮಾತಿಗೂ ಒಂದು ಮಿತಿಯಿದೆ. ದಿನಕ್ಕೊಮ್ಮೆ ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ. ಪದೇ ಪದೇ ಕೇಳುವವರ ಮನೆಯ ಮುಂದೆ ಜನ ಸ್ವಲ್ಪ ಬೇಗ ನಡೆಯುತ್ತಾರೆ. ಇನ್ನು ಬೇಕೆಂದೇ ಏನನ್ನಾದರೂ ಎಸೆಯುವುದಂತೂ ನಮ್ಮಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ನೀನು ಬಗ್ಗು ಎಂದು ಇನ್ನೊಬ್ಬರಿಗೆ ಹೇಳಿದ ಹಾಗೆ ಅದು.

ಅಂಥ ಊರಿನ ಒಂದೇ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣದ ಟೀಚರ್. ಹೆಸರು ಪ್ರಫುಲ್ಲಾ. ಓಟ, ಕಬಡ್ಡಿ, ಖೊಖೊ, ಹಗ್ಗಜಗ್ಗಾಟ ಇವಿಷ್ಟು ನನ್ನ ವಿಷಯ. ಚೆಂಡೆಂದರೆ ಕಾಲಲ್ಲಿ ಒದೆಯುವುದು ಮಾತ್ರ. ನನ್ನ ಗಂಡ ಮುಕುಂದ ದರ್ಜಿ. ಮಕ್ಕಳಿಲ್ಲ, ಆದರೆ ಶಾಲೆಯ ಅಷ್ಟೂ ಮಕ್ಕಳು ನನ್ನ ಸೀಟಿಗೆ ಓಡಿ ಬರುತ್ತಿದ್ದರು. ನನ್ನ ಹಿಡಿತ ಊರಿಗೇ ಗೊತ್ತಿತ್ತು. ಹಗ್ಗಜಗ್ಗಾಟದಲ್ಲಿ ಗಂಡು ಮೇಷ್ಟರುಗಳು ನನ್ನ ಎದುರು ಬದಿಗೆ ನಿಲ್ಲಲು ಹಿಂಜರಿಯುತ್ತಿದ್ದರು.

ನಲವತ್ತಾರನೇ ವಯಸ್ಸಿನಲ್ಲಿ ನನಗೆ ಲಕ್ವ ಹೊಡೆಯಿತು. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದೆ, ಬಾಯಲ್ಲಿದ್ದ ಸೀಟಿ ಜಾರಿತು, ಅದರ ಹಿಂದೆ ನಾನು. ನಗರದ ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದೆ. ಮಾತು ಬಂತು, ಕಾಲು ಬಂತು, ಬಲಗೈ ಮಾತ್ರ ಅರ್ಧ ಬಂತು. ತೋಳು ಏಳುತ್ತಿತ್ತು, ಬೀಸುತ್ತಿತ್ತು, ಬೆರಳುಗಳಿಗೆ ಹಿಡಿದುಕೊಳ್ಳುವ ಬುದ್ಧಿ ಮರೆತುಹೋಗಿತ್ತು. ಏನು ಕೊಟ್ಟರೂ ಮೂರು ಉಸಿರು ಹಿಡಿದು ನಾಲ್ಕನೆಯದಕ್ಕೆ ಬಿಟ್ಟುಬಿಡುತ್ತಿದ್ದವು.

ಆ ಆಸ್ಪತ್ರೆಯಲ್ಲಿ ಒಂದು ದಿನ ಚಮಚ ಬಿತ್ತು. ಅಭ್ಯಾಸದಂತೆ ನರ್ಸನ್ನು ಕರೆದೆ. “ಎತ್ತಿ ಕೊಡ್ತೀರಾ?” ಆಕೆ ದಿಂಬಿನ ಚೀಲ ಬದಲಿಸುತ್ತಾ, “ನೀವೇ ಎತ್ಕೊಳ್ಳಿ ಟೀಚರೇ, ಅದೂ ಒಂದು ವ್ಯಾಯಾಮವೇ,” ಅಂದಳು. ಎಡಗೈ ಹಾಕಿದೆ. ಚಮಚ ಹಗುರವಾಗಿ ಮೇಲೆ ಬಂತು. ಹೊರಗಿನ ಊರುಗಳಲ್ಲಿ ಹೀಗೆ ಎಂದು ಕೇಳಿ ಗೊತ್ತಿತ್ತು, ಆದರೆ ಮೈಗೆ ಗೊತ್ತಿರಲಿಲ್ಲ. ಆ ಚಮಚವನ್ನು ನಾನು ಅವತ್ತು ಎಷ್ಟು ಸಲ ಬೀಳಿಸಿ ಎತ್ತಿದೆನೋ.

ನನ್ನ ಮಂಚದ ಕಿಟಕಿಯಿಂದ ಪಕ್ಕದ ಶಾಲೆಯ ಮೈದಾನ ಕಾಣುತ್ತಿತ್ತು. ಅಲ್ಲಲ್ಲಿ ಕಂಬ ನೆಟ್ಟು, ಕಂಬಕ್ಕೆ ಬುಟ್ಟಿ ಕಟ್ಟಿ, ಬುಟ್ಟಿಯ ಮೇಲೆ ಸರಪಣಿಗಳನ್ನು ಇಳಿಬಿಟ್ಟಿದ್ದರು. ಮಕ್ಕಳು, ದೊಡ್ಡವರು, ಒಮ್ಮೊಮ್ಮೆ ಸೀರೆಯುಟ್ಟ ಹೆಂಗಸರು ಪ್ಲಾಸ್ಟಿಕ್ಕಿನ ಚಪ್ಪಟೆ ತಟ್ಟೆಯನ್ನು ಬೀಸಿ ಎಸೆಯುತ್ತಾ ಬುಟ್ಟಿಗೆ ಬೀಳುವ ತನಕ ಅದರ ಹಿಂದೆ ನಡೆಯುತ್ತಿದ್ದರು. ಕೈಗೆ ವ್ಯಾಯಾಮ ಮಾಡಿಸುವ ಹುಡುಗಿಯನ್ನು ಕೇಳಿದೆ. “ಡಿಸ್ಕ್ ಗಾಲ್ಫ್ ಮೇಡಂ. ಹೊಸಬರಿಗೆ ಅಂತಾನೇ ಹತ್ತಿರ ಹತ್ತಿರ ಬುಟ್ಟಿ ಇಟ್ಟಿದ್ದಾರೆ. ಯಾರು ಬೇಕಾದ್ರೂ ಆಡಬಹುದು,” ಅಂದಳು. ಒಬ್ಬ ಮುದುಕ ದಿನಾ ಸಂಜೆ ಒಬ್ಬನೇ ಬರುತ್ತಿದ್ದ. ಎಸೆಯುವುದು, ನಿಧಾನಕ್ಕೆ ನಡೆದು ಹೋಗುವುದು, ಬಗ್ಗಿ ಎತ್ತಿಕೊಳ್ಳುವುದು, ಮತ್ತೆ ಎಸೆಯುವುದು. ಕೈ ನಡುಗುತ್ತಿದ್ದರೂ ಯಾರನ್ನೂ ಏನೂ ಕೇಳದೆ ಮೈದಾನದ ಅಷ್ಟೂ ಬುಟ್ಟಿಗಳನ್ನು ಸುತ್ತಿ ಬರುತ್ತಿದ್ದ. ನಾನು ಆಸ್ಪತ್ರೆಯಿಂದ ಹೊರಡುವಾಗ ವ್ಯಾಯಾಮದ ಹುಡುಗಿ ನನಗೊಂದು ಕೆಂಪು ತಟ್ಟೆ ಕೊಟ್ಟಳು. ಕೈಗೆ ಒಳ್ಳೆಯದು ಅಂದಳು.

ಊರಿಗೆ ಮರಳಿದ ಮೇಲೆ ನನ್ನ ಪಾಡು ಬೇರೆಯೇ ಆಯಿತು. ಬೆಳಗಾಗೆದ್ದು ಬಾಚಣಿಗೆ, ಆಮೇಲೆ ಸೌಟು, ಆಮೇಲೆ ಲೋಟ, ಟವೆಲ್ಲು. ಮುಕುಂದ ಅಂಗಡಿಗೆ ಹೋಗುವ ತನಕ ಬಗ್ಗುತ್ತಲೇ ಇರುತ್ತಿದ್ದ. ಅವನು ಹೋದ ಮೇಲೆ ಬಿದ್ದದ್ದು ಬಿದ್ದಲ್ಲೇ. ಒಂದು ಮಧ್ಯಾಹ್ನ ಬಾಗಿಲಿಗೆ ಬೀಗ ಹಾಕಿ ಹಿತ್ತಲಿಗೆ ಬಟ್ಟೆ ಹರವಲು ಹೋಗಿ ಬರುವಷ್ಟರಲ್ಲಿ ಕೊರಳ ದಾರ ಕಿತ್ತು ಬೀಗದ ಕೈ ಹೊಸ್ತಿಲ ಹೊರಗೆ ಬಿತ್ತು. ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತೆ. ಬೀದಿಯಲ್ಲಿ ಜನ ಇರಲಿಲ್ಲವೆಂದಲ್ಲ, ಇದ್ದರು. ಆಚೆ ಪಕ್ಕದಲ್ಲಿ ಬೇಗ ಬೇಗ ನಡೆದು ಹೋದರು. ಕೊನೆಗೆ ಹೂ ಮಾರುವ ಹಾಲಮ್ಮ ಬಂದಳು.

“ಎಷ್ಟೊತ್ತಾಯ್ತು ತಾಯಿ ಹಿಂಗೆ ಕುಂತು?” ಅಂದು ಬುಟ್ಟಿ ಇಳಿಸಿ, ಬಗ್ಗಿ, ಬೀಗದ ಕೈ ಕೊಟ್ಟಳು. ಒಳ್ಳೆಯ ಹೆಂಗಸು. ಆದರೆ ಬಗ್ಗುವ ಮೊದಲು ಅವಳೊಂದು ಸಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವತ್ತು ಊಟದ ಹೊತ್ತಿಗೆ ನನ್ನ ತಟ್ಟೆಯಿಂದ ರೊಟ್ಟಿ ಬಿದ್ದಾಗ ಅದೇ ಉಸಿರು ಮುಕುಂದನ ಮೂಗಿನಿಂದಲೂ ಬಂತು. ಅದು ಬಂದದ್ದು ಅವನಿಗೇ ಗೊತ್ತಾಗಿ ಮುಖ ಸಣ್ಣದು ಮಾಡಿಕೊಂಡ.

“ಬೇಸರ ಮಾಡ್ಕೋಬೇಡ್ವೇ, ಬೆನ್ನು ಹಿಡ್ದಿತ್ತು ಅಷ್ಟೆ.”

“ನಾನು ನಾಳೆಯಿಂದ ಸ್ಕೂಲಿಗೆ ಹೋಗ್ತೀನಿ,” ಅಂದೆ.

“ಹೋಗಿ?”

“ಹೋಗಿ ಏನು ಮಾಡ್ತೀನೋ ಗೊತ್ತಿಲ್ಲ. ಇಲ್ಲಿ ಕೂತು ನಿಮ್ಮ ಬೆನ್ನು ಮುರಿಯಲ್ಲ.”

ಮುಖ್ಯೋಪಾಧ್ಯಾಯಿನಿ ಎಸ್ತೇರ್ ಮೇಡಂ ನನ್ನನ್ನು ಕಂಡು ಎದ್ದು ಬಂದು ಅಪ್ಪಿಕೊಂಡರು. ಕಡಿಮೆ ಮಾತಿನ, ಗಂಜಿ ಹಾಕಿದ ಸೀರೆಯ, ನ್ಯಾಯವಂತ ಹೆಂಗಸು. ಗ್ರಂಥಾಲಯದಲ್ಲಿ ಕೂರಿ ಅಂದರು. ಅಲ್ಲಿ ಪುಸ್ತಕಗಳು ಬಿದ್ದವು. ವಾರದೊಳಗೆ ಶಾಲಾ ಸಮಿತಿಯ ಅಧ್ಯಕ್ಷರು ನನ್ನನ್ನು ಕರೆಸಿದರು.

ಚನ್ನವೀರಪ್ಪನವರು ಊರಿಗೆ ದೊಡ್ಡ ಮನುಷ್ಯರು. ಅವರ ಕೈಯಿಂದ ಏನಾದರೂ ಬಿದ್ದದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ, ಯಾರ ಬಳಿಯೂ ‘ಎತ್ತಿ ಕೊಡ್ತೀರಾ’ ಅಂದವರಲ್ಲ ಎಂಬುದೇ ಅವರ ಕೀರ್ತಿ. ಕೆಟ್ಟವರಲ್ಲ. ಮಾತಾಡುವಾಗ ದನಿಯಲ್ಲಿ ಕನಿಕರವೇ ಇತ್ತು.

“ನೋಡ್ರಿ ಟೀಚರ್, ನಿಮಗೆ ಯಾರೂ ಹೋಗು ಅನ್ನಂಗಿಲ್ಲ. ಆದ್ರ ಸೀಟಿ ಹಿಡಿಯಾಕ ಬರದ ಕೈಯಾಗ ಮಕ್ಕಳಿಗೆ ಏನು ಹೇಳಿಕೊಡ್ತೀರಿ? ಮರ್ಯಾದಿಯಿಂದ ನಿವೃತ್ತಿ ತಗೊಳ್ರಿ. ಮನ್ಯಾಗ ಇರ್ರಿ. ಆರಾಮ ಇರ್ರಿ.”

ಮನೆಯಲ್ಲಿ ಇರುವುದೆಂದರೇನು ಎಂದು ನನಗೆ ಗೊತ್ತಿತ್ತು. ಊರಲ್ಲಿ ಕೈ ನಡುಗುವವರೆಲ್ಲ ಮನೆಯಲ್ಲೇ ಇದ್ದರು. ಬಾಗಿಲು ಮುಂದಕ್ಕೆ ಹಾಕಿಕೊಂಡು, ಎಲ್ಲವನ್ನೂ ಮೇಜಿನ ಮೇಲಿಟ್ಟುಕೊಂಡು, ಏನನ್ನೂ ಮುಟ್ಟದೆ ಇದ್ದರು. ಅವರನ್ನು ಯಾರೂ ನೋಡುತ್ತಿರಲಿಲ್ಲ. ನಾನು ಚೀಲದಿಂದ ಕೆಂಪು ತಟ್ಟೆ ತೆಗೆದು ಅವರ ಮುಂದಿಟ್ಟೆ.

“ಸಾರ್, ಶಾಲೆ ಹಿಂದಿನ ಮೈದಾನ ಖಾಲಿ ಬಿದ್ದಿದೆ. ಹುಣಸೆ ಮರ, ಪಂಪ್ ಮನೆ, ಆ ಇಳಿಜಾರು, ಅಷ್ಟೂ ಕೊಡಿ. ಒಂದು ಆಟ ಕಲಿಸ್ತೀನಿ.”

“ಏನಾಟ?”

“ಇದನ್ನ ಎಸೆಯೋದು. ಬುಟ್ಟಿಗೆ ಬೀಳೋ ಹಾಗೆ ಎಸೆಯೋದು.”

ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದರು. “ಎಸಿಯೋದಾ? ಸಾಲ್ಯಾಗ? ಹುಟ್ಟಿದಾಗಿಂದ ‘ಗಟ್ಟಿ ಹಿಡಿ, ಗಟ್ಟಿ ಹಿಡಿ’ ಅಂತ ಬೆಳೆಸಿದ ಮಕ್ಕಳಿಗೆ ಎಸಿಯೋದು ಕಲಿಸ್ತೀರಾ?”

“ಹೌದು ಸಾರ್.”

ಎಸ್ತೇರ್ ಮೇಡಂ ನಡುವೆ ಬಂದು, ಈ ಶೈಕ್ಷಣಿಕ ಅವಧಿ ಮುಗಿಯುವ ತನಕ ನೋಡೋಣ, ಆಮೇಲೆ ಸಮಿತಿಯೇ ಬಂದು ಕಣ್ಣಾರೆ ಕಂಡು ತೀರ್ಮಾನ ಮಾಡಲಿ ಅಂದರು. ಇದು ನಾಲ್ಕು ದಿನದ ಹುಚ್ಚು ಎಂದುಕೊಂಡೋ ಏನೋ, ಅಧ್ಯಕ್ಷರು ಒಪ್ಪಿದರು.

ಮೈದಾನ ಕಟ್ಟುವುದು ಕಷ್ಟವಾಗಲಿಲ್ಲ. ಮುಕುಂದ ಬಿದಿರು ಹೆಣೆಯುವವರ ಕೇರಿಗೆ ಹೋಗಿ ಅಗಲ ಬಾಯಿಯ ಬುಟ್ಟಿಗಳನ್ನು ಹೆಣೆಸಿ ತಂದ. ಹೊಸಬರ ಆಟವಾದ್ದರಿಂದ ಬಾಯಿ ಎಷ್ಟು ಅಗಲವಿದ್ದರೆ ಅಷ್ಟು ಒಳ್ಳೆಯದು ಅಂದಿದ್ದೆ, ಅವರು ಮದುವೆ ಮನೆಯ ಅನ್ನದ ಬುಟ್ಟಿಯನ್ನೇ ಹೆಣೆದುಬಿಟ್ಟಿದ್ದರು. ಸರಪಣಿಯ ಬದಲು ಹಳೇ ಸೈಕಲ್ ಚೈನುಗಳನ್ನು ಇಳಿಬಿಟ್ಟೆವು. ಮೊದಲ ಬುಟ್ಟಿ ಹತ್ತಿರ, ಯಾರು ಎಸೆದರೂ ಬೀಳಬೇಕು. ಎರಡನೆಯದು ಇಳಿಜಾರಿನ ಕೆಳಗೆ. ಹೀಗೆ ಸುತ್ತಿಕೊಂಡು ಕೊನೆಯದು ಪಂಪ್ ಮನೆಯ ಪಕ್ಕ. ಪ್ಲಾಸ್ಟಿಕ್ ತಟ್ಟೆ ಒಂದೇ ಇದ್ದದ್ದರಿಂದ ಮುಕುಂದ ಅಂಗಡಿಯ ಚಿಂದಿಯನ್ನು ಅಂಚಿಗೆ ತುಂಬಿ ಬಟ್ಟೆಯ ತಟ್ಟೆಗಳನ್ನು ಹೊಲಿದ. ತಲೆಗೆ ತಾಗಿದರೂ ನೋಯುತ್ತಿರಲಿಲ್ಲ. ರವಿಕೆ ತುಂಡಿನದೊಂದು, ಪರದೆಯದೊಂದು, ಶಾಲೆಯ ಸಮವಸ್ತ್ರದ್ದೊಂದು.

ಕಷ್ಟ ಬಂದದ್ದು ಆಮೇಲೆ. ಎಂಟನೇ ತರಗತಿಯ ಮಕ್ಕಳನ್ನು ಗೆರೆಯ ಮೇಲೆ ನಿಲ್ಲಿಸಿ, “ಬೀಸಿ, ಬಿಡಿ,” ಅಂದೆ. ಎಲ್ಲರೂ ಬೀಸಿದರು. ಯಾರೂ ಬಿಡಲಿಲ್ಲ. ತಟ್ಟೆ ಕೈಯಲ್ಲೇ ಇತ್ತು. ತಬಸ್ಸುಮ್ ಎಂಬ ಚೂಟಿ ಹುಡುಗಿ ಎಷ್ಟು ರಭಸದಲ್ಲಿ ಬೀಸಿದಳೆಂದರೆ ತಟ್ಟೆಯ ಜೊತೆ ತಾನೇ ಒಂದು ಸುತ್ತು ತಿರುಗಿ ಕೂತುಬಿಟ್ಟಳು, ತಟ್ಟೆ ಮಾತ್ರ ಬಿಡಲಿಲ್ಲ.

“ಬಿಡಕ್ಕೆ ಬರ್ತಾ ಇಲ್ಲ ಟೀಚರ್! ಕೈ ಕೇಳ್ತಾನೇ ಇಲ್ಲ!”

ಎಡಗೈಯಲ್ಲಿ ನಾನೂ ತೋರಿಸಹೊರಟೆ. ನನ್ನ ಎಡಗೈಯೂ ಬಿಡಲಿಲ್ಲ! ಅದೂ ಈ ಊರಿನಲ್ಲೇ ಬೆಳೆದ ಕೈ. ಮಕ್ಕಳು ನಕ್ಕರು, ನನಗೂ ನಗು ಬಂತು. ನಗುತ್ತಲೇ ತಟ್ಟೆಯನ್ನು ಬಲಗೈಗೆ ಸಿಕ್ಕಿಸಿಕೊಂಡು, ತೋಳನ್ನು ಎದೆಯ ಹತ್ತಿರ ತಂದು ಬೀಸಿದೆ. ಬೆರಳುಗಳು ತಮ್ಮ ಪಾಡಿಗೆ ತಾವು ಬಿಟ್ಟವು. ಕೆಂಪು ತಟ್ಟೆ ನೆಲಕ್ಕೆ ಸಮನಾಗಿ, ಸದ್ದಿಲ್ಲದೆ, ಹುಣಸೆ ಮರದ ನೆರಳನ್ನು ದಾಟಿ ಹೋಗಿ ಮೆತ್ತಗೆ ಇಳಿಯಿತು. ಮಕ್ಕಳ ನಗು ನಿಂತಿತು. ಅವರ ಜೀವಮಾನದಲ್ಲಿ ಅವರು ಕಂಡ ಮೊದಲ ಎಸೆತ ಅದು. ನಾನು ಎಸೆದ ಮೊದಲ ಎಸೆತವೂ ಅದೇ.

“ಇನ್ನೊಂದ್ಸಲ ಟೀಚರ್, ಇನ್ನೊಂದ್ಸಲ!”

ಆ ದಿನದಿಂದ ನಾನು ಕಲಿಸಿದ್ದು ಬಿಡುವುದನ್ನು. ಗಿಲಕಿ ಹಿಡಿದ ಕೂಸಿನ ಮುಷ್ಟಿಯನ್ನು ಅಮ್ಮ ಬಿಡಿಸುತ್ತಾಳಲ್ಲ, ಹಾಗೆ ಒಂದೊಂದೇ ಬೆರಳು ಬಿಡಿಸಿ ತೋರಿಸಿದೆ. ಕಣ್ಣು ಮುಚ್ಚಿಕೊಂಡು ಎಸೆಯಲು ಹೇಳಿದೆ, ಹಾಡು ಹೇಳುತ್ತಾ ಎಸೆಯಲು ಹೇಳಿದೆ. ವಾರ ಕಳೆಯುವಷ್ಟರಲ್ಲಿ ಒಬ್ಬೊಬ್ಬರದಾಗಿ ತಟ್ಟೆಗಳು ಹಾರತೊಡಗಿದವು.

ಎಸೆದ ಮೇಲೆ ಎತ್ತುವವರು ಯಾರು? ಅದನ್ನು ನಾನು ಯೋಚಿಸಲೇ ಇಲ್ಲ, ಆಟವೇ ಹೇಳಿಕೊಟ್ಟಿತು. ಇಬ್ಬರಿಗೊಂದು ತಟ್ಟೆ. ಒಬ್ಬರು ಎಸೆಯಬೇಕು, ಇನ್ನೊಬ್ಬರು ನಡೆದು ಹೋಗಿ ಎತ್ತಬೇಕು. ಎತ್ತಿದವರು ಅಲ್ಲಿಂದಲೇ ಎಸೆಯಬೇಕು, ಮೊದಲಿನವರು ಹೋಗಿ ಎತ್ತಬೇಕು. ಹೀಗೆ ತಟ್ಟೆ ಬುಟ್ಟಿಗೆ ಬೀಳುವ ತನಕ. ಮಕ್ಕಳು ಆಡುವುದನ್ನು ನೋಡುತ್ತಾ ನಿಂತಾಗ ಒಂದು ಸಂಗತಿ ನನಗೆ ತಟ್ಟಿತು. ಇಡೀ ಮೈದಾನದಲ್ಲಿ ಯಾರೂ ‘ಎತ್ತಿ ಕೊಡ್ತೀರಾ’ ಅನ್ನುತ್ತಿರಲಿಲ್ಲ. ಎತ್ತಲು ಓಡುತ್ತಿದ್ದರು, ಎತ್ತಿದರೆ ತಾನೇ ಎಸೆಯುವ ಸರದಿ! ಬಗ್ಗುವ ಮೊದಲು ಯಾರೂ ಆ ಸಣ್ಣ ಉಸಿರು ಬಿಡುತ್ತಿರಲಿಲ್ಲ.

ತೊಂದರೆಯೂ ಬಂತು. ಬಿಡಲು ಕಲಿತ ಕೈಗಳು ಎಲ್ಲೆಲ್ಲೂ ಬಿಟ್ಟವು. ಒಬ್ಬ ಮನೆಯಲ್ಲಿ ಚಪಾತಿಯನ್ನು ಎಸೆದ, ಇನ್ನೊಬ್ಬ ಅಜ್ಜಿಯ ಎಲೆಯಡಿಕೆ ತಟ್ಟೆಯನ್ನೇ ಬೀಸಿದ. ಸಂತೆಬೀದಿಯಲ್ಲಿ ಒಂದು ಮುಚ್ಚಳ ಹಾರಿ ಹೋಗಿ ಹಾಲಿನ ಡಬ್ಬ ಉರುಳಿತು. ತಾಯಿತಂದೆಯರು ಗುಂಪಾಗಿ ಶಾಲೆಗೆ ಬಂದರು. “ನಿಮ್ಮ ಕೈ ಹಾಳಾಯ್ತು ಅಂತ ನಮ್ಮ ಮಕ್ಕಳ ಕೈನೂ ಹಾಳು ಮಾಡ್ತೀರಾ?” ಅಂದಳು ಒಬ್ಬಳು, ಎಲ್ಲರೆದುರು. ಮರುದಿನ ಎಸ್ತೇರ್ ಮೇಡಂ ನನ್ನ ಕಣ್ಣು ತಪ್ಪಿಸಿ ಹೇಳಿದರು.

“ಸದ್ಯಕ್ಕೆ ಮಕ್ಕಳನ್ನ ಕಳಿಸೋದು ಬೇಡ ಪ್ರಫುಲ್ಲಾ. ಸಮಿತಿ ಬರೋ ತನಕ.”

“ಮಕ್ಕಳಿಲ್ಲದೆ ಸಮಿತಿಗೆ ಏನು ತೋರಿಸಲಿ ಮೇಡಂ?”

“ಮೈದಾನ ನಿಮ್ಮ ಹತ್ರಾನೇ ಇದೆ. ಅದನ್ನ ಬಿಡಿ ಅಂತ ನಾನು ಹೇಳಿಲ್ಲ,” ಅಂದರು. ಆಮೇಲೆ ತಲೆಯೆತ್ತಿ, “ಮಕ್ಕಳು ಬೇಡ ಅಂದೆ ಅಷ್ಟೆ,” ಅಂದರು.

ಆ ಮಾತನ್ನು ಮನೆಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದೆ. ಮರುದಿನ ಸಂಜೆ ವಾಮನ ಮಾಸ್ತರರ ಮನೆಯ ಬಾಗಿಲು ತಟ್ಟಿದೆ. ನಮ್ಮ ಶಾಲೆಯಲ್ಲೇ ಚಿತ್ರಕಲೆ ಕಲಿಸಿದವರು. ಕೈ ನಡುಕ ಶುರುವಾದ ಮೇಲೆ ಅವರನ್ನು ಯಾರೂ ಬೀದಿಯಲ್ಲಿ ಕಂಡಿರಲಿಲ್ಲ. ಮೇಜಿನ ಮುಂದೆ, ಎರಡೂ ಕೈಗಳನ್ನು ತೊಡೆಗಳ ಕೆಳಗೆ ಅದುಮಿಕೊಂಡು ಕೂತಿದ್ದರು. ನೆಲದ ಮೇಲೆ ಬಣ್ಣದ ಕುಂಚಗಳು ಬಿದ್ದಿದ್ದವು. ಎಷ್ಟು ಕಾಲದಿಂದಲೋ, ಒಂದರ ಮೇಲೊಂದು ಧೂಳು ಹಿಡಿದಿದ್ದವು. ನಾನು ಕೂತು ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟೆ.

“ಮಗ ಸೊಸೆ ಬಂದಾಗ ಎತ್ತೋಕೆ ಹೋಗ್ತಾರೆ ಕಣಮ್ಮ. ನಾನೇ ಬೇಡ ಅಂತೀನಿ. ಎತ್ತಿದ್ರೆ ಮತ್ತೆ ಬೀಳಿಸ್ತೀನಿ,” ಅಂದರು. ಆಮೇಲೆ, “ಏನು ಬಂದಿದ್ದು?” ಎಂದು ಕೇಳಿದರು.

“ಒಂದು ಕೆಲಸ ಇದೆ ಮಾಸ್ತರೇ. ಬೀಳಿಸೋ ಕೆಲಸ.”

ನನ್ನ ಮುಖವನ್ನೇ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಎದ್ದು ಚಪ್ಪಲಿ ಹುಡುಕತೊಡಗಿದರು.

ಅವರ ಮೊದಲ ಎಸೆತ ಅವರ ಕಾಲ ಬುಡಕ್ಕೇ ಬಿತ್ತು. ಎರಡನೆಯದು ಹಿಂದಕ್ಕೆ ಹೋಯಿತು. ನಾನು ಹೋಗಿ ಎತ್ತಿದೆ, ಎಸೆದೆ. ಅವರು ಹೋಗಿ ಎತ್ತಿದರು. ಎತ್ತಿದ್ದು ಮತ್ತೆ ಕೈಜಾರಿತು. ನಾನು ಹೋಗಿ ಎತ್ತಿದೆ. “ಇದನ್ನ ಲೆಕ್ಕಕ್ಕೆ ತಗೋಬೇಕೇನಮ್ಮ?” ಅಂದರು. “ತಗೋಬೇಕು. ನಿಮ್ಮ ಸರದಿ ಮುಗೀತು, ಈಗ ನಂದು,” ಅಂದೆ. ಅವರು ಹುಬ್ಬೇರಿಸಿದರು. “ಕೈಜಾರಿದ್ದೂ ಒಂದು ಎಸೆತಾನೇ ಅನ್ನು! ಹಾಗಾದ್ರೆ ನಾನು ಈ ಊರಲ್ಲಿ ಎಲ್ಲರಿಗಿಂತ ಹಳೇ ಆಟಗಾರ.” ಆ ಸಂಜೆ ನಾವಿಬ್ಬರೂ ಮೊದಲ ಬುಟ್ಟಿಯನ್ನೇ ಮುಗಿಸಲಿಲ್ಲ. ಹೊರಡುವಾಗ ಮಾಸ್ತರರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು, ನಡುಕವನ್ನು ಬಚ್ಚಿಡದೆ ಬೀದಿಯಲ್ಲಿ ನಡೆದರು.

ನಂತರ ನಾವಿಬ್ಬರೂ ಸೇರಿ ಬಾಗಿಲುಗಳನ್ನು ತಟ್ಟಿದೆವು. ಕೆಲವು ತೆರೆಯಲಿಲ್ಲ. ಕೆಲವರು ಬಾಗಿಲ ಸಂದಿಯಿಂದಲೇ ‘ನಮ್ಮ ಮನೇಲಿ ಅಂಥವರು ಯಾರೂ ಇಲ್ಲ’ ಅಂದರು, ಒಳಗೆ ಏನೋ ಬಿದ್ದ ಸದ್ದು ಕೇಳುತ್ತಿರುವಾಗಲೇ. ಒಮ್ಮೆ ಬಾರದವರ ಬಾಗಿಲನ್ನು ಮತ್ತೆ ತಟ್ಟಿದೆವು. ನನಗೆ ನಾಚಿಕೆ ಪಡಲು ಪುರುಸೊತ್ತಿರಲಿಲ್ಲ. ಸಂಧಿವಾತದ ಬೆರಳಿನವರು, ಕಣ್ಣು ಮಂಜಾದವರು, ಹೆಬ್ಬೆರಳು ಕಳೆದುಕೊಂಡ ಒಬ್ಬ ಬಡಗಿ, ಹೀಗೆ ಒಬ್ಬೊಬ್ಬರಾಗಿ ಬಂದರು. ಮೈದಾನದ ಗೋಡೆಯ ಮೇಲೆ ಮಕ್ಕಳ ತಲೆಗಳು ಸಾಲಾಗಿ ಕಾಣತೊಡಗಿದವು. ಮಕ್ಕಳನ್ನು ಎಳೆದೊಯ್ಯಲು ಬಂದ ಅಮ್ಮಂದಿರು ತಾವೂ ಗೋಡೆಗೆ ಒರಗಿದರು. ಎಲ್ಲರೆದುರು ನನ್ನನ್ನು ಬೈದಿದ್ದಳಲ್ಲ, ಆಕೆ ಒಂದು ದಿನ ತನ್ನ ಅತ್ತೆಯ ಕೈ ಹಿಡಿದುಕೊಂಡು ಗೇಟಿನೊಳಗೆ ಬಂದಳು. ನನ್ನ ಕಡೆ ನೋಡಲಿಲ್ಲ. “ಇವರಿಗೊಂದು ತಟ್ಟೆ ಕೊಡಿ,” ಅಂದಳಷ್ಟೆ. ಅವರ ಜೊತೆ ಆಡಲು ಯಾರೂ ಬಿಡುವಾಗಿರಲಿಲ್ಲವಾದ್ದರಿಂದ ಆಕೆಯೇ ಸೆರಗು ಸಿಕ್ಕಿಸಿ ನಿಲ್ಲಬೇಕಾಯಿತು.

ಅವಧಿ ಮುಗಿಯಿತು. ಸಮಿತಿ ಬಂತು. ಮಕ್ಕಳಿಗೆ ಅವತ್ತು ಒಂದು ದಿನದ ಮಟ್ಟಿಗೆ ಎಸ್ತೇರ್ ಮೇಡಂ ಅನುಮತಿ ಕೊಟ್ಟಿದ್ದರು. ಚನ್ನವೀರಪ್ಪನವರು ಬಿಳಿ ಅಂಗಿ ತೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೈದಾನವನ್ನೆಲ್ಲ ಸುತ್ತಿ ನೋಡಿದರು. ತಬಸ್ಸುಮ್ ಎಸೆದದ್ದನ್ನು ಬಡಗಿ ಎತ್ತಿದ. ವಾಮನ ಮಾಸ್ತರರ ಕೈಯಿಂದ ಜಾರಿದ್ದಕ್ಕೆ ಮಕ್ಕಳು “ಇದೂ ಲೆಕ್ಕ!” ಎಂದು ಕೂಗಿದರು. ಅಧ್ಯಕ್ಷರ ಮುಖದಲ್ಲಿ ಏನೂ ಕಾಣಲಿಲ್ಲ.

ಕೊನೆಗೆ ಪಂಪ್ ಮನೆಯ ಹತ್ತಿರದ ಕೊನೆಯ ಬುಟ್ಟಿಯ ಗೆರೆಯ ಬಳಿ ನಿಂತು ಅಂದರು. “ನೋಡಾಕ ಚಂದ ಐತ್ರಿ. ಆದ್ರ ಇದು ಆಟ ಅಲ್ಲ, ಕೈಲಾಗದವರಿಗೊಂದು ಸಮಾಧಾನ. ಸಾಲಿ ಮೈದಾನ ಅದಕ್ಕಲ್ಲ.”

ನಾನು ಅವರ ಎದುರಿಗೆ ಹೋಗಿ ನಿಂತೆ.

“ಒಂದು ಸಲ ಎಸೆದು ಹೇಳಿ ಸಾರ್.”

“ನಾನಾ?”

“ಕೈಲಾಗದವರ ಆಟ ಅಂದ್ರಲ್ಲ. ನಿಮಗೆ ಸುಲಭ ಆಗ್ಬೇಕು.”

ಕೆಂಪು ತಟ್ಟೆಯನ್ನು ಕೈಗೆ ಕೊಟ್ಟೆ. ಅವರು ಬೀಸಿದರು. ಬಿಡಲಿಲ್ಲ. ಮತ್ತೆ ಬೀಸಿದರು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಯಾರೂ ನಗಲಿಲ್ಲ, ಅಲ್ಲಿದ್ದವರೆಲ್ಲ ಅದನ್ನು ದಾಟಿಯೇ ಬಂದವರು. “ಹಾಡು ಹೇಳ್ತಾ ಎಸೀರಿ ಸಾರ್,” ಎಂದು ಯಾವುದೋ ಮಗು ಪಿಸುಗುಟ್ಟಿತು. ಮೂರನೆಯ ಸಲ ಅವರು ಹಲ್ಲು ಕಚ್ಚಿ ಬೀಸಿದಾಗ ತಟ್ಟೆ ಹೇಗೋ ಬಿಡಿಸಿಕೊಂಡು, ಓಲಾಡುತ್ತಾ ಸ್ವಲ್ಪ ದೂರ ಹೋಗಿ ಹುಲ್ಲಿಗೆ ಬಿತ್ತು.

ಅವರು ಅದನ್ನೇ ನೋಡುತ್ತಾ ನಿಂತರು. ಬಿದ್ದದ್ದನ್ನು ಎತ್ತಿ ಕೊಡಿ ಎನ್ನಬೇಕಿತ್ತು, ಆ ಮಾತು ಅವರ ಬಾಯಿಗೆ ಬರುವ ಹಾಗಿರಲಿಲ್ಲ. ತಿರುಗಿ ಗೇಟಿನ ಕಡೆ ಹೆಜ್ಜೆ ಹಾಕಿದರು. ಸಮಿತಿಯ ಉಳಿದವರೂ ಹಿಂದೆ ಹೊರಟರು. ಎಸ್ತೇರ್ ಮೇಡಂ ಕಣ್ಣು ಮುಚ್ಚಿಕೊಂಡರು.

ನಾನು ನಡೆದು ಹೋದೆ. ಬಗ್ಗಿ ತಟ್ಟೆಯನ್ನು ಎತ್ತಿದೆ. ಅಲ್ಲಿಂದಲೇ ಬುಟ್ಟಿಯ ಕಡೆ ಎಸೆದೆ. ಗುರಿ ತಪ್ಪಿ ಪಂಪ್ ಮನೆಯ ಗೋಡೆಯ ಹತ್ತಿರ ಬಿತ್ತು.

“ಸಾರ್,” ಎಂದು ಕೂಗಿದೆ. “ಎತ್ತೋ ಸರದಿ ನಿಮ್ಮದು.”

ಅವರು ನಿಂತರು.

“ನೀವು ಎಸೆದದ್ದನ್ನ ನಾನು ಎತ್ತಿದೆ. ನಾನು ಎಸೆದದ್ದು ಅಲ್ಲಿ ಬಿದ್ದಿದೆ, ನನ್ನ ಕೈಲಿ ಏಳಲ್ಲ. ನೀವು ಕೇಳಬೇಕಾಗಿಲ್ಲ ಸಾರ್, ನಾನೂ ಕೇಳ್ತಾ ಇಲ್ಲ. ಆಟ ಇನ್ನೂ ಮುಗಿದಿಲ್ಲ, ಅಷ್ಟೆ.”

ಅವರು ಬರದೆ ಹೋಗಿದ್ದರೆ ಏನು ಮಾಡುತ್ತಿದ್ದೆ ಎಂದು ಆಮೇಲೆ ಮುಕುಂದ ಕೇಳಿದ. ಮರುದಿನ ಅವರ ಬಾಗಿಲು ತಟ್ಟುತ್ತಿದ್ದೆ ಅಂದೆ. ಆದರೆ ಅವರು ಬಂದರು. ಪಂಪ್ ಮನೆಯ ತನಕ ನಡೆದರು, ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬಗ್ಗಿದರು. ತಟ್ಟೆ ಅವರ ಕೈಗೆ ಹಗುರವಾಗಿ ಬಂತು. ಅದನ್ನು ತಿರುಗಿಸಿ ನೋಡಿ, ಬುಟ್ಟಿಯನ್ನು ನೋಡಿ, ಎಸೆದರು. ಈ ಸಲ ಮೊದಲ ಬೀಸಿಗೇ ತಟ್ಟೆ ಕೈಬಿಟ್ಟಿತು. ಬುಟ್ಟಿಯನ್ನು ದಾಟಿ, ಸಮಿತಿಯವರನ್ನೂ ದಾಟಿ, ಇಳಿಜಾರಲ್ಲಿ ಉರುಳಿಕೊಂಡು ಹೋಯಿತು.

“ಈಗ?” ಅಂದರು.

“ಈಗ ನಾನು.”

ಆ ಒಂದು ಬುಟ್ಟಿಗೆ ನಾವಿಬ್ಬರೂ ಎಷ್ಟು ಸಲ ಅತ್ತಿಂದಿತ್ತ ನಡೆದೆವೋ! ನನ್ನ ಬಲಗಾಲು ಎಳೆಯುತ್ತಿತ್ತು, ಅವರ ಬಿಳಿ ಅಂಗಿಗೆ ಮಣ್ಣು ಮೆತ್ತಿತ್ತು. ಮಕ್ಕಳು ಮನೆಗೆ ಹೋದರು, ಸಮಿತಿಯವರು ಒಬ್ಬೊಬ್ಬರಾಗಿ ಕೈಗಡಿಯಾರ ನೋಡಿಕೊಂಡು ಹೊರಟರು. “ಅಧ್ಯಕ್ಷರೇ, ಹೊತ್ತಾಯ್ತು,” ಎಂದು ಯಾರೋ ಕರೆದದ್ದಕ್ಕೆ, “ಮುಗಿಸದ ಬರಂಗಿಲ್ಲ, ನೀವು ನಡೀರಿ,” ಎಂದು ಗದರಿದರು. ವಾಮನ ಮಾಸ್ತರರು ಪಂಪ್ ಮನೆಯ ಕಟ್ಟೆಯ ಮೇಲೆ ಕೂತು ಇಬ್ಬರಿಗೂ ಸಲಹೆ ಕೊಡುತ್ತಿದ್ದರು. ಒಂದೂ ಉಪಯೋಗಕ್ಕೆ ಬರಲಿಲ್ಲ.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಅವರು ಎಸೆದದ್ದು ಬುಟ್ಟಿಯಿಂದ ಹತ್ತಾರು ಹೆಜ್ಜೆ ಈಚೆ ಬಿತ್ತು. ನಾನು ಎತ್ತಿ ಬೀಸಿದೆ. ಬೆರಳುಗಳು ಬಿಟ್ಟವು. ಸೈಕಲ್ ಚೈನುಗಳು ಝಲ್ ಎಂದವು.

ಬುಟ್ಟಿಗೆ ಬಿದ್ದದ್ದು ನೆಲಕ್ಕೆ ಬಿದ್ದದ್ದಲ್ಲ, ಎಸೆದವರೇ ಅದನ್ನು ತೆಗೆದುಕೊಳ್ಳಬಹುದು. ಮಕ್ಕಳು ಇದನ್ನು ಎಂದೋ ಕಂಡುಕೊಂಡು ದಿನಾ ಕುಣಿಯುತ್ತಿದ್ದರು. ಅಷ್ಟು ದಿನ ಆಡಿದರೂ ನನ್ನ ಎಸೆತ ಒಮ್ಮೆಯೂ ಒಳಗೆ ಬಿದ್ದಿರಲಿಲ್ಲ, ಪ್ರತಿ ಸಲವೂ ಕೊನೆಯ ಎಸೆತ ಜೊತೆಯವರದೇ ಆಗಿರುತ್ತಿತ್ತು. ನಾನು ಬುಟ್ಟಿಯ ಹತ್ತಿರ ಹೋದೆ. ಅಭ್ಯಾಸದಂತೆ ಅಧ್ಯಕ್ಷರು ಕೈ ಚಾಚಿದ್ದರು. “ಬೇಡ ಸಾರ್,” ಅಂದೆ. ಬಲಗೈಯನ್ನು ಚೈನುಗಳ ನಡುವೆ ತೂರಿಸಿ ತಟ್ಟೆಯ ಅಂಚಿಗೆ ಬೆರಳು ಸಿಕ್ಕಿಸಿ ಹೊರಗೆ ತೆಗೆದೆ. ನಮ್ಮ ಊರಿನಲ್ಲಿ, ನಾನು ಬಿಟ್ಟದ್ದನ್ನು ನಾನೇ ತೆಗೆದುಕೊಂಡೆ. ಎದೆಗೆ ಒತ್ತಿಕೊಂಡು ನಿಂತೆ. ಮೂರು ಉಸಿರು ಹಿಡಿದಿದ್ದೆನೇನೋ. ನಾಲ್ಕನೆಯದಕ್ಕೆ ಅದು ಜಾರಿ ಕಾಲ ಬುಡಕ್ಕೆ ಬಿತ್ತು.

ಚನ್ನವೀರಪ್ಪನವರು ಬಗ್ಗಿ ಎತ್ತಿದರು. ಧೂಳು ಒರೆಸಿದರು. ನನಗೆ ಕೊಡಲಿಲ್ಲ.

“ಮೊದಲನೇ ಬುಟ್ಟಿ ಎಲ್ಲಿ ಐತ್ರಿ?” ಅಂದರು. “ಎತ್ತಿದವರ ಸರದಿ ಅಂದ್ರಲ್ಲ.”